ಮೈಕೋ ಪಂಪು, ಹುಬ್ಬಳ್ಳಿಯ ಮಿಸ್ತ್ರಿಗಳು

ದೊಡ್ಡ ಕಂಪನಿಯ ಚರಿತ್ರೆ ಓದಲು ಹೋದರೆ ಮಾಲೀಕರ ಫೋಟೋ, ಕಾರ್ಖಾನೆ ಶುರುವಾದ ವರ್ಷ, ಹೊಸ ಕಟ್ಟಡದ ಉದ್ಘಾಟನೆ, ಇಷ್ಟು ಸಿಗುತ್ತದೆ. ಆ ಕಂಪನಿಯ ಸಾಮಾನು ಊರೂರಿಗೆ ಹೋಗಿ, ಕೆಟ್ಟು, ಯಾರದೋ ಕೈಯಲ್ಲಿ ರಿಪೇರಿಯಾಗಿ ಮತ್ತೆ ಹತ್ತು ವರ್ಷ ದುಡಿದದ್ದು ಅದರಲ್ಲಿ ಇರುವುದಿಲ್ಲ. ನನಗೆ ಈ ಎರಡನೇ ಭಾಗ ಮೊದಲು ಗೊತ್ತಾಯಿತು. ಮೊದಲ ಭಾಗವನ್ನು ಆಮೇಲೆ ಓದಿ ತಿಳಿದುಕೊಂಡೆ.

ನಮ್ಮ ಕಾಕಾ ಹುಬ್ಬಳ್ಳಿಯಲ್ಲಿ ಡೀಸೆಲ್ ಪಂಪ್ ಮಿಸ್ತ್ರಿ. ಪೆಟ್ರೋಲ್ ಬಂಕಿನ ಪಂಪ್ ಅಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಎಂಜಿನ್ನಿಗೆ ಡೀಸೆಲ್ ಅಳೆದು, ಒತ್ತಿ ಕಳಿಸುವ ಇಂಜೆಕ್ಷನ್ ಪಂಪ್. ಪಿ.ಬಿ. ರೋಡಿಗೆ, ಅಂದರೆ ಪುಣೆ-ಬೆಂಗಳೂರು ರಸ್ತೆಗೆ, ಹತ್ತಿದ ಓಣಿಯಲ್ಲಿ ಅಂಗಡಿ. ಎಂಜಿನ್ ಬಿಚ್ಚುವ ಗ್ಯಾರೇಜುಗಳಲ್ಲಿ ನೆಲವೆಲ್ಲ ಆಯಿಲ್, ಗ್ರೀಸು. ಪಂಪ್ ಅಂಗಡಿಯಲ್ಲಿ ಮಾತ್ರ ನೆಲ ಒರೆಸಿಟ್ಟಿರುತ್ತಿತ್ತು, ಕಿಟಕಿ ಮುಚ್ಚಿರುತ್ತಿತ್ತು. ಸಣ್ಣವನಿದ್ದಾಗ ಇದು ಕಾಕಾನ ಮಡಿ ಅಂದುಕೊಂಡಿದ್ದೆ. ಧೂಳಿನ ಒಂದು ಕಣ ಒಳಗೆ ಹೋದರೂ ಪಂಪ್ ಹಾಳು ಅನ್ನೋದು ಆಮೇಲೆ ತಿಳಿಯಿತು.

ಅಂಗಡಿಯ ಹಲಗೆಗಳ ಮೇಲಿದ್ದ ಬಹುಪಾಲು ಪಂಪುಗಳ ಮೇಲೆ ಒಂದೇ ಹೆಸರು: ಮೈಕೋ. ಡಬ್ಬಿಗಳ ಮೇಲೂ ಅದೇ. ಸ್ಕೂಟರ್, ಬೈಕಿನವರಿಗೆ ಮೈಕೋ ಪ್ಲಗ್ಗು, ಲಾರಿಯವರಿಗೆ ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಮೈಕೋ ನಾಝಲ್ಲು. ಮೈಕೋ ಅಂದರೆ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಅದರ ಬೇರಾದ ಬಾಷ್ ಕಂಪನಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದೆ. ಆ ಕಥೆಯನ್ನು ನಮ್ಮ ಕಡೆಯ ಮಿಸ್ತ್ರಿಗಳ ಕಥೆಯ ಜೊತೆ ಸೇರಿಸಿಯೇ ಹೇಳಬೇಕು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರಲ್ಲಿ, ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ತಂದೆಗೆ ಹೊಲ ಇತ್ತು, ವಸತಿಗೃಹ ಇತ್ತು. ಹುಡುಗ ಸೂಕ್ಷ್ಮ ಯಂತ್ರಗಳ ಕೆಲಸ ಕಲಿತ. ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ ದುಡಿದ, ಇಂಗ್ಲೆಂಡಿನಲ್ಲಿ ಸೀಮೆನ್ಸ್‌ನಲ್ಲಿ ದುಡಿದ. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಒಂದು ಮನೆಯ ಹಿಂಬದಿಯ ಕಟ್ಟಡದಲ್ಲಿ ಸ್ವಂತ ಅಂಗಡಿ ಹಾಕಿದ. ಪಿತ್ರಾರ್ಜಿತವಾಗಿ ಬಂದ 10,000 ಮಾರ್ಕ್ ಬಂಡವಾಳ. ಕೆಲಸಕ್ಕೆ ಒಬ್ಬ ಮೆಕ್ಯಾನಿಕ್, ಓಡಾಟಕ್ಕೆ ಒಬ್ಬ ಹುಡುಗ. ಟೆಲಿಫೋನ್ ಜೋಡಿಸುವುದು, ವಿದ್ಯುತ್ ಗಂಟೆ ರಿಪೇರಿ, ಬಂದ ಕೆಲಸ ಮಾಡುವುದು. ನಮ್ಮ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಲೇಥ್ ಇಟ್ಟುಕೊಂಡು ಶುರು ಮಾಡಿದವರ ಕಥೆಯೂ ಹೀಗೇ ಇರುತ್ತದೆ. ಮೊದಲ ಹತ್ತು ವರ್ಷ ಬಾಷ್ ಕೂಡ ಸಾಲ, ತಾಪತ್ರಯದಲ್ಲೇ ಕಳೆದ.

ದಾರಿ ತೋರಿಸಿದ್ದು ಮ್ಯಾಗ್ನೆಟೋ. ಎಂಜಿನ್ನಿನೊಳಗಿನ ಗ್ಯಾಸಿಗೆ ಕಿಡಿ ಹೊತ್ತಿಸುವ ಯಂತ್ರ ಅದು. 1887ರಲ್ಲಿ ಒಬ್ಬ ಗಿರಾಕಿ ನಿಂತ ಜಾಗದಲ್ಲೇ ಓಡುವ ಎಂಜಿನ್ನಿಗೆ ಒಂದು ಮಾಡಿಕೊಡು ಅಂದ, ಬಾಷ್ ಮಾಡಿಕೊಟ್ಟ. ಹತ್ತು ವರ್ಷ ಆದ ಮೇಲೆ, 1897ರಲ್ಲಿ, ಅದೇ ಮ್ಯಾಗ್ನೆಟೋ ಓಡುವ ಗಾಡಿಗೆ ಕೂತಿತು. ಗಾಡಿಯ ಎಂಜಿನ್ ಬಹಳ ಜೋರು ತಿರುಗುವುದರಿಂದ ಹಳೇ ಡಿಸೈನು ನಡೆಯುತ್ತಿರಲಿಲ್ಲ. ಅದನ್ನು ಹೊಂದಿಸಿಕೊಟ್ಟವನು ಅಂಗಡಿಯ ಕೆಲಸಗಾರ ಆರ್ನಾಲ್ಡ್ ಸೆರಿಂಗರ್. 1902ರಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ ಹೈ ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ ಜೋಡಿ ಮಾಡಿದ ಮೇಲೆ ಕಂಪನಿ ಹಿಂದಿರುಗಿ ನೋಡಲಿಲ್ಲ. ಈಗಲೂ ಬಾಷ್ ಡಬ್ಬಿಯ ಮೇಲೆ ಒಂದು ವೃತ್ತ, ಒಳಗೊಂದು ಗುರುತು ಇರುತ್ತದಲ್ಲ, ಅದು ಆ ಮ್ಯಾಗ್ನೆಟೋದೊಳಗೆ ತಂತಿ ಸುತ್ತುವ ಭಾಗದ, ಅಂದರೆ ಆರ್ಮೇಚರಿನ, ಚಿತ್ರ. ಗೆರೆ ಹಾಕಿದವನೂ ಹೊನೋಲ್ಡನೇ.

ಮಾಲೀಕನ ಹೆಸರು ಡಬ್ಬಿಯ ಮೇಲಿದೆ. ಸೆರಿಂಗರ್, ಹೊನೋಲ್ಡ್ ಹೆಸರು ಹುಡುಕಿದರೆ ಮಾತ್ರ ಸಿಗುತ್ತದೆ. ಬಾಷ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. 1906ರಲ್ಲೇ ಕಾರ್ಖಾನೆಯಲ್ಲಿ ಎಂಟು ತಾಸಿನ ಪಾಳಿ ತಂದ. ಹತ್ತು ತಾಸು, ಹನ್ನೆರಡು ತಾಸು ದುಡಿಸುತ್ತಿದ್ದ ಕಾಲ ಅದು. ದಣಿದ ಕೈಯಲ್ಲಿ ಸೂಕ್ಷ್ಮ ಕೆಲಸ ಆಗುವುದಿಲ್ಲ ಅನ್ನೋದನ್ನು ಅಂಗಡಿಯಲ್ಲಿ ಸ್ವತಃ ಕೂತು ಕೆಲಸ ಮಾಡಿದವನೇ ಬಲ್ಲ.

ನಮ್ಮ ಕಡೆಗೆ ಹೆಚ್ಚು ಸಂಬಂಧ ಇರುವುದು ಇದರ ಮುಂದಿನ ಭಾಗ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಓಡಿಸಿ ತೋರಿಸಿದ್ದು 1897ರಲ್ಲಿ. ಕಿಡಿ ಬೇಡ, ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದೇ ಕಾಯುತ್ತದೆ, ಎಣ್ಣೆ ಬಿಟ್ಟ ಕೂಡಲೇ ಹೊತ್ತಿಕೊಳ್ಳುತ್ತದೆ. ಆದರೆ ಅಷ್ಟು ಒತ್ತಡ ಇರುವ ಜಾಗಕ್ಕೆ ಎಣ್ಣೆ ಒಳಗೆ ಹೋಗುವುದು ಹೇಗೆ? ಆಗ ಮಾಡಿಕೊಂಡ ದಾರಿ ಅಂದರೆ ಇನ್ನೂ ಜಾಸ್ತಿ ಒತ್ತಡದ ಗಾಳಿಯಿಂದ ಎಣ್ಣೆಯನ್ನು ಊದುವುದು. ಅದಕ್ಕೊಂದು ದೊಡ್ಡ ಕಂಪ್ರೆಸರ್ ಬೇಕು. ಹಡಗಿಗೆ, ಪವರ್ ಹೌಸಿಗೆ ನಡೆಯುತ್ತದೆ. ಲಾರಿಗೆ ಹೊರಲು ಆಗುವುದಿಲ್ಲ. ಹಾಗಾಗಿ ಡೀಸೆಲ್ ಎಂಜಿನ್ ಹುಟ್ಟಿದ ಮೇಲೂ ಬಹಳ ವರ್ಷ ರಸ್ತೆಗೆ ಇಳಿಯಲಿಲ್ಲ.

1922ರಲ್ಲಿ ಬಾಷ್ ಕಂಪನಿ ಡೀಸೆಲಿಗೆ ಒಂದು ಸಣ್ಣ ಪಂಪ್ ಮಾಡೋಣ ಎಂದು ಕೈ ಹಾಕಿತು. ಅದನ್ನು ನಾನು ದೊಡ್ಡ ಧೈರ್ಯ ಅನ್ನುತ್ತೇನೆ. ಆ ಕಂಪನಿ ಅನ್ನ ತಿನ್ನುತ್ತಿದ್ದದ್ದು ಮ್ಯಾಗ್ನೆಟೋ, ಪ್ಲಗ್ ಮಾರಿ. ಡೀಸೆಲ್ ಎಂಜಿನ್ನಿಗೆ ಅವೆರಡೂ ಬೇಡ. ಡೀಸೆಲ್ ಗೆದ್ದರೆ ತನ್ನ ಹಳೇ ವ್ಯಾಪಾರಕ್ಕೇ ಪೆಟ್ಟು. ಆದರೂ ಮಾಡಿದರು. 1927ರ ಹೊತ್ತಿಗೆ ಪಂಪುಗಳು ಸಾಲಾಗಿ ತಯಾರಾಗಿ ಹೊರಬರಲು ಶುರುವಾದವು. ರಸ್ತೆಯ ಮೇಲೆ ಡೀಸೆಲ್ ಲಾರಿ ನಿಜವಾಗಿ ಓಡಲು ಶುರುವಾದದ್ದು ಅದಾದ ಮೇಲೆ.

ಆ ಪಂಪ್ ಒಳಗೆ ಏನಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ನನಗೆ ಇದು ಬಹಳ ಇಷ್ಟದ ವಿಷಯ.

ಆರು ಸಿಲಿಂಡರಿನ ಲಾರಿಗೆ ಪಂಪಿನಲ್ಲೂ ಆರು ಮನೆ. ಪ್ರತಿ ಮನೆಯಲ್ಲೂ ಒಂದು ಬ್ಯಾರಲ್, ಒಳಗೆ ಬೆರಳಿಗಿಂತ ಸಣ್ಣ ಉಕ್ಕಿನ ಪ್ಲಂಜರ್. ಈ ಜೋಡಿಗೆ ಮಿಸ್ತ್ರಿಗಳು ಎಲಿಮೆಂಟ್ ಅಂತಾರೆ. ಎರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲನ್ನು ಉದ್ದುದ್ದ ಇಪ್ಪತ್ತು ಮೂವತ್ತು ಎಳೆಯಾಗಿ ಸೀಳಿದರೆ ಒಂದು ಎಳೆ ಎಷ್ಟು ದಪ್ಪ ಬಂದೀತೋ ಅಷ್ಟು. ಅಲ್ಲಿ ರಬ್ಬರ್ ಸೀಲಿಲ್ಲ, ರಿಂಗಿಲ್ಲ. ಉಕ್ಕಿಗೆ ಉಕ್ಕು ಅಷ್ಟು ಸರಿಯಾಗಿ ಕೂತಿರುವುದರಿಂದಲೇ ಇನ್ನೂರು ಮುನ್ನೂರು ಬಾರ್ ಒತ್ತಡ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಇನ್ನೂರು ಮುನ್ನೂರು ಪಟ್ಟು, ಹಿಡಿದು ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಇವೆರಡನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಮನೆಯ ಪ್ಲಂಜರ್ ಇನ್ನೊಂದು ಮನೆಯ ಬ್ಯಾರಲ್ಲಿಗೆ ಹಾಕುವ ಹಾಗಿಲ್ಲ.

ಪ್ಲಂಜರಿನ ಮೈಮೇಲೆ ಓರೆಯಾಗಿ ಒಂದು ಗೀರು ಕೊರೆದಿರುತ್ತಾರೆ. ಡ್ರೈವರ್ ಎಕ್ಸಲರೇಟರ್ ಒತ್ತಿದಾಗ ರ್‍ಯಾಕ್ ಅನ್ನುವ ಹಲ್ಲಿನ ಪಟ್ಟಿ ಸರಿದು ಪ್ಲಂಜರನ್ನು ಸ್ವಲ್ಪ ತಿರುಗಿಸುತ್ತದೆ. ತಿರುಗಿದಂತೆ ಆ ಓರೆ ಅಂಚು ಬ್ಯಾರಲ್ಲಿನ ತೂತಿಗೆ ಬೇಗ ಬರುತ್ತದೋ ತಡವಾಗಿ ಬರುತ್ತದೋ, ಅದರ ಮೇಲೆ ಎಷ್ಟು ಡೀಸೆಲ್ ಹೋಗಬೇಕು ಅನ್ನೋದು ತೀರ್ಮಾನವಾಗುತ್ತದೆ. ಒಂದು ಸಲಕ್ಕೆ ಹೋಗುವುದು ಒಂದೆರಡು ಹನಿ ಮಾತ್ರ. ಎಂಜಿನ್ 2000 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರಿಗೂ ನಿಮಿಷಕ್ಕೆ 1000 ಸಲ ಹೀಗೆ ಅಳೆದು ಹಾಕಬೇಕು. ಕಂಪ್ಯೂಟರಿಲ್ಲ, ಕರೆಂಟಿಲ್ಲ. ಒಂದು ಓರೆ ಗೀರಿನಿಂದ ಇಷ್ಟು ಕೆಲಸ ಆಗುತ್ತದೆ. ಇದನ್ನು ಯೋಚಿಸಿದವರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಈ ಪಂಪ್ ಕನ್ನಡ ನಾಡಿನಲ್ಲೇ ತಯಾರಾಗುವ ಕಾಲ ಬಂದದ್ದು ಸ್ವಾತಂತ್ರ್ಯದ ನಂತರ. ಬಾಷ್ ಸಾಮಾನು ಕಲ್ಕತ್ತೆಯ ಮೂಲಕ 1922ರಿಂದಲೇ ಭಾರತಕ್ಕೆ ಬರುತ್ತಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ಆಡುಗೋಡಿಯಲ್ಲಿ ಕಾರ್ಖಾನೆ. ಸ್ಪಾರ್ಕ್ ಪ್ಲಗ್, ಆಮೇಲೆ ಡೀಸೆಲ್ ಪಂಪ್, ನಾಝಲ್. ಎಚ್‌ಎಎಲ್, ಟೆಲಿಫೋನ್ ಮಾಡುವ ಐಟಿಐ ಆಗಲೇ ಇದ್ದವು, ಎಚ್‌ಎಂಟಿ, ಬಿಇಎಲ್ ಹಿಂದೆಯೇ ಬಂದವು. ಮೈಕೋ ಕೆಲಸಗಾರರು ಮನೆ ಕಟ್ಟಿಕೊಂಡ ಬಡಾವಣೆ ಮೈಕೋ ಲೇಔಟ್ ಆಯಿತು.

1951ರಲ್ಲಿ ಹುಬ್ಬಳ್ಳಿ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಮ್ಮ ಕಡೆಯ ವ್ಯಾಪಾರದ ಮುಖ ಪುಣೆ, ಮುಂಬೈ ಕಡೆಗೇ ಇತ್ತು. ಹತ್ತಿ, ಶೇಂಗಾ, ಮೆಣಸಿನಕಾಯಿ. ರೈಲಿತ್ತು, ರೈಲ್ವೆ ವರ್ಕ್‌ಶಾಪ್ ಇತ್ತು. ಅಲ್ಲಿ ಕಬ್ಬಿಣದ ಕೆಲಸ ಕಲಿತ ಕೈಗಳೂ ಇದ್ದವು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಜೊತೆ ಸೇರಿ ಡೀಸೆಲ್ ಲಾರಿ ಮಾಡಲು ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಪುಣೆ-ಬೆಂಗಳೂರು ರಸ್ತೆ ನಮ್ಮ ಊರ ನಡುವೆಯೇ ಹಾದು ಹೋಗುತ್ತಿತ್ತು. ಅಂಕೋಲಾ ಕಡೆಯಿಂದ ಬಂದು ಗದಗ, ಹೊಸಪೇಟೆ ಕಡೆ ಹೋಗುವ ರಸ್ತೆಯೂ ಇಲ್ಲಿಯೇ ಅದನ್ನು ಕೂಡುತ್ತದೆ. ಲಾರಿ ನಿಲ್ಲುವ ಜಾಗದಲ್ಲಿ ಚಹಾ ಅಂಗಡಿ ಬರುತ್ತದೆ, ಪಂಕ್ಚರ್ ಅಂಗಡಿ ಬರುತ್ತದೆ, ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಬಡಿಯುವವರು ಬರುತ್ತಾರೆ, ಕೊನೆಗೆ ಪಂಪ್ ಮಿಸ್ತ್ರಿಯೂ ಬರುತ್ತಾನೆ.

1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರ ಅವರು ಒಂದು ಲಾರಿ ಇಟ್ಟುಕೊಂಡು ಸಾಗಾಣಿಕೆ ಶುರು ಮಾಡಿದರು. ಮನೆತನದ ಕಸುಬು ಪ್ರಿಂಟಿಂಗ್ ಪ್ರೆಸ್ಸು. ಆ ಒಂದು ಲಾರಿ ಇವತ್ತು ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ನೆಲೆ ಇರುವ ವಿಆರ್‌ಎಲ್ ಆಗಿ ಸಾವಿರಾರು ಗಾಡಿ ಓಡಿಸುತ್ತಿದೆ. ಈ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದೆರಡು ಲಾರಿ ಇಟ್ಟುಕೊಂಡು ಅಲ್ಲೇ ನಿಂತವರು, ಮಾರಿ ಹೊಲಕ್ಕೆ ಹೋದವರು ಎಷ್ಟೋ ಮಂದಿ. ಅವರೆಲ್ಲರ ಗಾಡಿಗೂ ಪಂಪ್ ಇತ್ತು. ಗಾಡಿ ನಿಂತರೆ ಕಂತು ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ಅವರು ಓಡಿ ಬರುತ್ತಿದ್ದದ್ದು ಕಾಕಾನಂಥವರ ಹತ್ತಿರ.

"ಉಸ್ತಾದ್, ಘಾಟಿನ್ಯಾಗ ಗಾಡಿ ಎಳೀವಲ್ತ್ರೀ. ಕರೀ ಹೊಗಿ ಉಗಳಾಕತ್ತೇತಿ" ಅಂತ ಡ್ರೈವರ್ ಬಂದು ನಿಲ್ಲುತ್ತಿದ್ದ. ಅಂಕೋಲಾ ಕಡೆಯಿಂದ ಅರಬೈಲ್ ಘಟ್ಟ ಹತ್ತಿ ಬಂದ ಗಾಡಿಗಳ ಕಥೆ ಬಹಳ ಸಲ ಅದೇ. ಕಾಕಾ ಕೂಡಲೇ ಪಂಪಿಗೆ ಕೈ ಹಾಕುತ್ತಿರಲಿಲ್ಲ. ಏರ್ ಫಿಲ್ಟರ್ ನೋಡಿದಿ? ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದಿ? ಎಲ್ಲಿ ಡೀಸೆಲ್ ಹಾಕಿಸಿದಿ? ಲೈನಿನೊಳಗ ಏರ್ ಹೊಕ್ಕೈತೇನು? ಇಷ್ಟು ಕೇಳಿ, ಅರ್ಧ ಜನರನ್ನು ಪಂಪ್ ಬಿಚ್ಚದೇ ಕಳಿಸುತ್ತಿದ್ದರು. ಅದರಲ್ಲಿ ದುಡ್ಡು ಹುಟ್ಟುತ್ತಿರಲಿಲ್ಲ. ಆ ಜನರೇ ಮುಂದೆ ಮೂವತ್ತು ವರ್ಷ ಗಿರಾಕಿಗಳಾಗಿ ಉಳಿದರು.

ಪಂಪ್ ಬಿಚ್ಚಲೇಬೇಕಾದರೆ ಮೊದಲು ಅದರ ಪ್ಲೇಟ್ ಓದಬೇಕು. ಪಿಇಎಸ್ 6ಎ 95ಡಿ ಅಂತ ಇದ್ದರೆ ಆರು ಸಿಲಿಂಡರ್, ಎ ಸೈಜು, 9.5 ಮಿಲಿಮೀಟರ್ ಪ್ಲಂಜರ್. ಹತ್ತನೇ ತರಗತಿ ಮುಗಿಸದ ಕಾಕಾ ಇದನ್ನು ಬಾಯಿಪಾಠದ ಹಾಗೆ ಹೇಳುತ್ತಿದ್ದರು. ಪ್ರತಿ ನಮೂನೆಗೂ ಕಂಪನಿಯ ಒಂದು ಟೆಸ್ಟ್ ಪ್ಲಾನ್ ಹಾಳೆ ಇರುತ್ತದೆ. ಎಷ್ಟು ಸುತ್ತಿಗೆ ಎಷ್ಟು ಸಿ.ಸಿ. ಎಣ್ಣೆ ಬರಬೇಕು, ವೇಗ ಮಿತಿ ಮೀರದಂತೆ ಹಿಡಿಯುವ ಗವರ್ನರ್ ಯಾವಾಗ ರ್‍ಯಾಕನ್ನು ಎಳೆಯಬೇಕು, ಎಲ್ಲ ಅದರಲ್ಲಿ. ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸಿ ತಿರುಗಿಸಿದರೆ ಆರು ಗಾಜಿನ ಕೊಳವೆಗಳಲ್ಲಿ ಎಣ್ಣೆ ಏರುತ್ತದೆ. ಆರೂ ಒಂದೇ ಮಟ್ಟಕ್ಕೆ ನಿಲ್ಲಬೇಕು. ಒಂದು ಮನೆ ಡೀಸೆಲ್ ಹೊಡೆದ ಮೇಲೆ ಪಂಪ್ ಸರಿಯಾಗಿ 60 ಡಿಗ್ರಿ ತಿರುಗಿದಾಗ ಮುಂದಿನದು ಹೊಡೆಯಬೇಕು. ಬಿಚ್ಚಿದ ಎಲಿಮೆಂಟನ್ನು ಶುದ್ಧ ಡೀಸೆಲಿನಲ್ಲಿ ತೊಳೆದು ಒದ್ದೆ ಇರುವಾಗಲೇ ಜೋಡಿಸಬೇಕು. ನಾನು ಒಮ್ಮೆ ಅರಿವೆ ತರಲು ಎದ್ದಾಗ ಕಾಕಾ ಅಂದದ್ದು ನೆನಪಿದೆ: "ತಮ್ಮಾ, ಅರಿವೀಲೆ ಒರಸಬ್ಯಾಡಪಾ. ನೂಲು ಹತ್ತಿದ್ರ ಪ್ಲಂಜರ್ ಹಿಡಿತತಿ."

ನಾಝಲ್ ಪರೀಕ್ಷೆ ಬೇರೆ. ಕೈಪಂಪಿಗೆ ನಾಝಲ್ ಕಟ್ಟಿ ಹಿಡಿ ಒತ್ತಿದರೆ, ಮೀಟರ್ ಮುಳ್ಳು ಏರಿ, ಗೊತ್ತಾದ ಒತ್ತಡಕ್ಕೆ ಕಿರ್ರ್ ಅಂತ ಸದ್ದಾಗಿ ಮಂಜಿನ ಹಾಗೆ ಡೀಸೆಲ್ ಹಾರಬೇಕು. ತೊಟ್ಟಿಕ್ಕಿದರೆ ನಾಝಲ್ ಹೋಯಿತು ಅಂತ ಅರ್ಥ. ಆ ಮಂಜಿಗೆ ಕೈ ಒಡ್ಡಬಾರದು. ನೋಡಲು ಮೆತ್ತಗೆ ಕಾಣುತ್ತದೆ, ಆದರೆ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳು ಕತ್ತರಿಸುವ ಪ್ರಸಂಗ ಬರಬಹುದು. ಅಂಗಡಿಗೆ ಹೊಸ ಹುಡುಗ ಬಂದರೆ ಕಾಕಾ ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದ ಮಾತು ಇದು.

ಈ ವಿದ್ಯೆ ಹುಬ್ಬಳ್ಳಿಗೆ ಹೇಗೆ ಬಂತು? ಕಂಪನಿಗೆ ಇದರ ಪಾಲು ಸಲ್ಲಬೇಕು. ಪಂಪ್ ಮಾರಿದರೆ ಸಾಲದು, ಊರೂರಿನಲ್ಲಿ ಅದನ್ನು ಅಳೆಯಬಲ್ಲವರು ಬೇಕು ಅಂತ ಅವರಿಗೆ ಗೊತ್ತಿತ್ತು. ಡೀಲರುಗಳು, ಸರ್ವಿಸ್ ಅಂಗಡಿಗಳು, ಅಲ್ಲಿಯ ಮಿಸ್ತ್ರಿಗಳಿಗೆ ತರಬೇತಿ, ಹಾಳೆಗಳು, ಬೆಂಚುಗಳು. ಅಲ್ಲಿ ಕಲಿತವರ ಕೈಕೆಳಗೆ ಕಲಿತವರು ಬೇರೆ ಅಂಗಡಿ ಹಾಕಿದರು. ಅವರ ಹತ್ತಿರ ಕಲಿತವರು ಹಾವೇರಿ, ಗದಗ, ನವಲಗುಂದಕ್ಕೆ ಹೋದರು. ಕಾಕಾ ಮೂರನೇ ತಲೆಮಾರಿನವರು. ಆಡುಗೋಡಿಯ ಗೇಟ್ ಸಹ ನೋಡಿದವರಲ್ಲ. ಆದರೆ ಮೈಕ್ರಾನಿನ ಲೆಕ್ಕದಲ್ಲಿ ಕೆಲಸ ಮಾಡುವ ಶಿಸ್ತು ಅವರ ಕೈಗೆ ಬಂದಿತ್ತು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಈ ಆಸ್ತಿಗೆ ಒಂದು ಸಾಲೂ ಇರುವುದಿಲ್ಲ. ಅದು ಇಲ್ಲದಿದ್ದರೆ ಮೈಕೋ ಅನ್ನುವ ಹೆಸರಿಗೆ ಹಳ್ಳಿಯ ಟ್ರ್ಯಾಕ್ಟರ್ ಮಾಲೀಕನ ಹತ್ತಿರ ಅಷ್ಟು ಬೆಲೆ ಬರುತ್ತಿರಲಿಲ್ಲ.

2000ದ ದಶಕದ ಅದಿರಿನ ಕಾಲವನ್ನು ಇಲ್ಲಿ ಬಿಡುವಂತಿಲ್ಲ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಕಬ್ಬಿಣದ ಅದಿರು ಹೇರಿದ ಲಾರಿಗಳು ಗದಗ, ಹುಬ್ಬಳ್ಳಿ ದಾಟಿ ಕಾರವಾರ, ಬೇಲೆಕೇರಿ ಬಂದರಿಗೆ ಹೋಗುತ್ತಿದ್ದವು. ರಾತ್ರಿ ಹಗಲು ಸಾಲು ತಪ್ಪುತ್ತಿರಲಿಲ್ಲ. ಮನೆಯ ಕಿಟಕಿಯ ಮೇಲೆ ಕೆಂಪು ಧೂಳು. ಪಂಪ್ ಅಂಗಡಿಗಳಿಗೆ ಉಸಿರಾಡಲು ಬಿಡುವಿರಲಿಲ್ಲ. ಗಾಡಿಗೆ ಹೇರಬೇಕಾದದ್ದಕ್ಕಿಂತ ಜಾಸ್ತಿ ಹೇರುತ್ತಿದ್ದರು. ಆ ಭಾರ ಎಳೆಯಲು ಪಂಪ್ ಏರಿಸಿ ಕೊಡಿ ಅಂತ ಕೇಳುತ್ತಿದ್ದರು. ಪಂಪಿನಲ್ಲಿ ಗರಿಷ್ಠ ಡೀಸೆಲ್ ಎಷ್ಟು ಹೋಗಬೇಕು ಅನ್ನೋದಕ್ಕೆ ಒಂದು ಸ್ಕ್ರೂ ಇರುತ್ತದೆ. ಅದಕ್ಕೆ ತಂತಿ ಕಟ್ಟಿ ಸೀಸದ ಸೀಲ್ ಒತ್ತಿರುತ್ತಾರೆ. ಸೀಲ್ ಒಡೆದು ಸ್ಕ್ರೂ ತಿರುಗಿಸಿದರೆ ಗಾಡಿ ಸ್ವಲ್ಪ ದಿನ ಆನೆಯಂತೆ ಎಳೆಯುತ್ತದೆ. ಕರಿ ಹೊಗೆ ಉಗುಳುತ್ತದೆ. ಕೊನೆಗೆ ಪಿಸ್ಟನ್ ಕರಗುತ್ತದೆ.

ಕಾಕಾ ಆ ಸೀಲ್ ಒಡೆಯಲಿಲ್ಲ. "ಹಾಳಿಯೊಳಗ ಎಷ್ಟೈತಿ ಅಷ್ಟ ಇಡ್ತೀನ್ರೀ. ಜಾಸ್ತಿ ಬೇಕಂದ್ರ ಬ್ಯಾರೆ ಕಡೆ ನೋಡ್ರಿ" ಅನ್ನುತ್ತಿದ್ದರು. ಬೇರೆ ಕಡೆ ಮಾಡಿಕೊಡುವವರು ಇದ್ದರು. ಆ ವರ್ಷಗಳಲ್ಲಿ ಬೇರೆಯವರು ಗಳಿಸಿದಷ್ಟು ಕಾಕಾ ಗಳಿಸಲಿಲ್ಲ ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಕಾಕೂಗೆ ಅದರ ಬಗ್ಗೆ ಬೇಸರವೂ ಇತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡವರು ರಸ್ತೆ ಬದಿ ಗಾಡಿ ನಿಲ್ಲಿಸಿ ಕೂತರು. ಅವರಲ್ಲಿ ಹೆಚ್ಚಿನವರು ಸಣ್ಣ ಜನ. ಅದಿರಿನ ದೊಡ್ಡ ದುಡ್ಡು ನೋಡಿದವರಲ್ಲ.

ಈ ಸ್ಕ್ರೂವಿನ ವಿಷಯ ಯಾಕೆ ಎತ್ತಿದೆ ಅಂದರೆ ಕಂಪನಿಯ ಚರಿತ್ರೆಯಲ್ಲೂ ಇಂಥದೊಂದು ಪುಟ ಇದೆ. ಫೋಕ್ಸ್‌ವ್ಯಾಗನ್ ಕಾರುಗಳು ಹೊಗೆ ಪರೀಕ್ಷೆಯಲ್ಲಿ ಒಂದು ರೀತಿ, ರಸ್ತೆಯಲ್ಲಿ ಇನ್ನೊಂದು ರೀತಿ ನಡೆಯುವಂತೆ ಸಾಫ್ಟ್‌ವೇರ್ ಮಾಡಿದ್ದು 2015ರಲ್ಲಿ ಬಯಲಾಯಿತು. ಎಂಜಿನ್ ಕಂಟ್ರೋಲ್ ಡಬ್ಬಿ ಕೊಟ್ಟದ್ದು ಬಾಷ್. 2019ರಲ್ಲಿ ಜರ್ಮನಿಯ ಸರ್ಕಾರಿ ವಕೀಲರು ಬಾಷ್‌ಗೆ 9 ಕೋಟಿ ಯೂರೋ ದಂಡ ಹಾಕಿದರು. ಪಂಪ್ ಅಂಗಡಿಯಲ್ಲಿ ಸೀಲ್ ಒಡೆದರೆ ಯಾರ ಕಣ್ಣಿಗಾದರೂ ಕಾಣುತ್ತಿತ್ತು. ಸಾಫ್ಟ್‌ವೇರಿನೊಳಗಿನ ಸೀಲ್ ಒಡೆದದ್ದು ವರ್ಷಗಟ್ಟಲೆ ಯಾರಿಗೂ ಕಾಣಲಿಲ್ಲ.

ಇನ್ನೂ ಹಿಂದಿನದೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಷ್ ಕಾರ್ಖಾನೆಗಳಲ್ಲಿ ಸುಮಾರು 20,000 ಜನರನ್ನು ಬಲವಂತವಾಗಿ ದುಡಿಸಿಕೊಂಡರು. ಅದೇ ಹೊತ್ತಿನಲ್ಲಿ ಕಂಪನಿಯ ಮುಖ್ಯರು ಹಿಟ್ಲರನ ವಿರೋಧಿ ಕಾರ್ಲ್ ಗೋರ್ಡೆಲರನಿಗೆ ಆಸರೆ ಕೊಟ್ಟಿದ್ದರು, ಯಹೂದಿಗಳಿಗೆ ನೆರವಾಗಿದ್ದರು. ಎರಡೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಎಂಟು ತಾಸಿನ ಪಾಳಿ ತಂದ ಮನುಷ್ಯನ ಹೆಸರಿನ ಕಾರ್ಖಾನೆಯಲ್ಲೇ ಇದಾಯಿತು ಅನ್ನೋದನ್ನು ಓದಿದ ದಿನ ನನಗೆ ಬಹಳ ಸಂಕಟವಾಯಿತು. ರಾಬರ್ಟ್ ಬಾಷ್ ತೀರಿಕೊಂಡದ್ದು 1942ರಲ್ಲಿ. 1964ರಿಂದ ಕಂಪನಿಯ ಷೇರಿನ ದೊಡ್ಡ ಪಾಲು ಅವನ ಹೆಸರಿನ ದತ್ತಿ ಸಂಸ್ಥೆಯ ಕೈಯಲ್ಲಿದೆ. ಲಾಭಾಂಶ ಆಸ್ಪತ್ರೆಗೆ, ಶಿಕ್ಷಣಕ್ಕೆ ಹೋಗುತ್ತದೆ.

ಈಗ ಹೊಸ ಕಾಲ. 1997ರಲ್ಲಿ ಕಾರುಗಳಲ್ಲಿ ಕಾಮನ್ ರೇಲ್ ಬಂತು. ಮೂಲ ಕೆಲಸ ಇಟಲಿಯ ಫಿಯೆಟ್ ಬಳಗದ್ದು, ಮಾರುಕಟ್ಟೆಗೆ ತಂದದ್ದು ಬಾಷ್. ಒಂದೇ ಪಂಪ್ ಒಂದು ಗಟ್ಟಿ ಕೊಳವೆಯಲ್ಲಿ ಯಾವಾಗಲೂ ಒತ್ತಡ ತುಂಬಿಟ್ಟಿರುತ್ತದೆ. ಎಷ್ಟು, ಯಾವಾಗ ಬಿಡಬೇಕು ಅನ್ನೋದನ್ನು ಕಂಪ್ಯೂಟರ್ ಹೇಳುತ್ತದೆ. ಶುರುವಿನಲ್ಲಿ 1350 ಬಾರ್, ಈಗ 2000 ದಾಟಿದೆ. ಹೊಗೆ ಕಡಿಮೆ, ಸದ್ದು ಕಡಿಮೆ, ಡೀಸೆಲ್ ಉಳಿತಾಯ. 2020ರ ಏಪ್ರಿಲ್ 1ರಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಲಾರಿಗೆ ಹಳೇ ಪಂಪಿನ ಕಾಲ ಮುಗಿಯಿತು. ಇದು ಒಳ್ಳೆಯದೇ. ನಮ್ಮ ಪಿ.ಬಿ. ರೋಡಿನ ಹೊಗೆ ಕುಡಿದವರು ಇದಕ್ಕೆ ಬೇಡ ಅನ್ನಲಾರರು.

ಕಾಕಾನ ಮಗ ಈಗ ಅಂಗಡಿ ನೋಡಿಕೊಳ್ಳುತ್ತಾನೆ. ನಾನು ಬೇರೆ ಕೆಲಸಕ್ಕೆ ಹೋದೆ, ಅವನು ಉಳಿದ. ಕಾಮನ್ ರೇಲ್ ಟೆಸ್ಟ್ ಬೆಂಚಿಗೆ ಸಾಲ ಮಾಡಿದ್ದಾನೆ. ಸಿಲಿಂಡರಿಗೆ ಡೀಸೆಲ್ ಬಿಡುವ ಒಂದೊಂದು ಇಂಜೆಕ್ಟರಿನ ಮೇಲೂ ಒಂದು ಕೋಡ್ ಕೆತ್ತಿರುತ್ತದೆ. ಇಂಜೆಕ್ಟರ್ ಬದಲಿಸಿದರೆ ಆ ಕೋಡನ್ನು ಗಾಡಿಯ ಕಂಪ್ಯೂಟರಿಗೆ ಹಾಕಬೇಕು. ಅದಕ್ಕೆ ಸ್ಕ್ಯಾನರ್ ಬೇಕು. ಕೆಲವು ಗಾಡಿಗಳಲ್ಲಿ ಆ ಬಾಗಿಲು ಹೊರಗಿನ ಮಿಸ್ತ್ರಿಗೆ ತೆರೆಯುವುದೇ ಇಲ್ಲ. ಕೈಯಲ್ಲಿ ವಿದ್ಯೆ ಇದ್ದರೂ ಪಾಸ್‌ವರ್ಡ್ ಇಲ್ಲ. ಗಾಡಿಯನ್ನು ಶೋರೂಮಿಗೆ ಕಳಿಸಬೇಕು.

ಇದು ನ್ಯಾಯ ಅಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ, ಮತ್ತು ಇದನ್ನು ಹೇಳಿದವರಲ್ಲಿ ನಾನು ಮೊದಲಿಗನಲ್ಲ. ಭಾರತದ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಕಾರಣ ಇದೇ: ಬಿಡಿಭಾಗ, ರಿಪೇರಿ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಇಟ್ಟುಕೊಂಡದ್ದು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ವಾಹನ, ಕೃಷಿ ಯಂತ್ರ ಎರಡೂ ಅದರ ಪಟ್ಟಿಯಲ್ಲಿವೆ. ಓಣಿಯ ಅಂಗಡಿಯವರೆಗೆ ಅದರ ಬಿಸಿ ಇನ್ನೂ ಸರಿಯಾಗಿ ಬಂದಿಲ್ಲ. ಹುಬ್ಬಳ್ಳಿ-ಧಾರವಾಡದ ಐಟಿಐ ತರಬೇತಿ ಕಾಲೇಜುಗಳಲ್ಲಿ ಒಂದೊಂದು ಕಾಮನ್ ರೇಲ್ ಬೆಂಚ್, ಒಂದೊಂದು ಸ್ಕ್ಯಾನರ್ ಇಟ್ಟು, ದುಡಿಯುವ ಮಿಸ್ತ್ರಿಗಳಿಗೇ ಸಂಜೆ ತರಗತಿ ನಡೆಸಿದರೆ ಏನು ಕಷ್ಟ? ಧಾರವಾಡದಲ್ಲಿ ಟಾಟಾ ಬಸ್ ಕಾರ್ಖಾನೆ ಇದೆ. ಗೋಕುಲ ರೋಡಿನಲ್ಲಿ ವಾಯವ್ಯ ಸಾರಿಗೆ ಸಂಸ್ಥೆಯ ಕಚೇರಿಯೇ ಇದೆ. ಗಾಡಿಗೆ ಕೊರತೆ ಇಲ್ಲದ ಊರಿದು.

ಕಂಪನಿಯೂ ಬದಲಾಗಿದೆ. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯಿತು. ಆಡುಗೋಡಿಯ ಕಾರ್ಖಾನೆಯ ಕೆಲಸ ಬಿಡದಿಗೆ ಹೋಯಿತು. ಪಂಪ್ ತಯಾರಾಗುತ್ತಿದ್ದ ಆ ಜಾಗದಲ್ಲಿ ಈಗ ದೊಡ್ಡ ಸ್ಮಾರ್ಟ್ ಕ್ಯಾಂಪಸ್ ಇದೆ, 2022ರ ಜೂನ್‌ನಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಹೆಚ್ಚಿನ ಕೆಲಸ ಸಾಫ್ಟ್‌ವೇರ್. ಜರ್ಮನಿಯಲ್ಲಿ ಎಲೆಕ್ಟ್ರಿಕ್ ಗಾಡಿಯ ಹೊಡೆತ, ಮಂದ ಮಾರುಕಟ್ಟೆ. 2025ರ ಸೆಪ್ಟೆಂಬರಿನಲ್ಲಿ ವಾಹನ ವಿಭಾಗದಲ್ಲಿ ಇನ್ನೂ 13,000 ಕೆಲಸ ಕಡಿಮೆ ಮಾಡುತ್ತೇವೆ ಅಂತ ಕಂಪನಿ ಹೇಳಿತು. ತನ್ನ ಮ್ಯಾಗ್ನೆಟೋಗೇ ಪೆಟ್ಟು ಕೊಡಬಲ್ಲ ಪಂಪನ್ನು ತಾನೇ ಮಾಡಿದ ಕಂಪನಿ ಈ ಸಲ ಏನು ಮಾಡುತ್ತದೆ ಅಂತ ನಾನು ಕುತೂಹಲದಿಂದ ನೋಡುತ್ತಿದ್ದೇನೆ.

ಹಳೇ ಪಂಪುಗಳು ಮಾತ್ರ ಅಂಗಡಿಗೆ ಬರುವುದು ನಿಂತಿಲ್ಲ. ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಂದ ಹೊಸ ಹೊಗೆ ನಿಯಮ 50 ಅಶ್ವಶಕ್ತಿಗಿಂತ ದೊಡ್ಡವಕ್ಕೆ ಮಾತ್ರ. ನಮ್ಮ ರೈತರ ಹತ್ತಿರ ಇರುವುದು ಬಹುಪಾಲು ಅದಕ್ಕಿಂತ ಸಣ್ಣವು. ಮುಂಗಾರಿಗೆ ಮುಂಚೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯಿಂದ ಪಂಪುಗಳು ಚೀಲದಲ್ಲಿ ಕಟ್ಟಿಕೊಂಡು ಬರುತ್ತವೆ. ಕಾಕಾನ ಮಗ ಒಂದು ಕಡೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಜೆಕ್ಟರ್ ಕೋಡ್ ಹಾಕುತ್ತಾನೆ, ಇನ್ನೊಂದು ಕಡೆ ಹಳೇ ಬೆಂಚು ತಿರುಗುತ್ತಿರುತ್ತದೆ. ಎಲಿಮೆಂಟ್ ಜೋಡಿಸುವ ಕೆಲಸ ಇದ್ದಾಗ ಕಾಕಾ ಇನ್ನೂ ಅಂಗಡಿಗೆ ಬರುತ್ತಾರೆ. ಕಲಿಯಲು ಇಬ್ಬರು ಹುಡುಗರು ಸೇರಿದ್ದಾರೆ, ಒಬ್ಬ ಶಿಗ್ಗಾವಿಯವನು, ಇನ್ನೊಬ್ಬ ಮುಂಡರಗಿಯವನು. ಇಬ್ಬರಿಗೂ ಎರಡೂ ಬೆಂಚಿನ ಕೆಲಸ ಕಲಿಸುತ್ತಿದ್ದಾರೆ.